ದುಡ್ಡು ಮೊದಲು, ರಸೀದಿ ಆಮೇಲೆ

ನನ್ನ ಹತ್ತಿರ ನೂರು ಪುಟದ ಒಂದು ನೋಟ್‌ಬುಕ್ ಇದೆ. ರಟ್ಟಿನ ಮೇಲೆ ನೀಲಿ ಶಾಯಿಯಲ್ಲಿ ‘ಉತ್ತರಕಾಶಿ ಲೆಕ್ಕ, 2010’ ಎಂದು ಬರೆದಿದ್ದೇನೆ. ತುಂಬಿರುವುದು ಒಂದೂವರೆ ಪುಟ ಮಾತ್ರ. ತರಬೇತಿ ಶುಲ್ಕ 5,000. ಸಾಗರದಿಂದ ಹೋಗಿ ಬರುವ ಬಸ್ಸು, ರೈಲು 2,700. ಶೂ ಮತ್ತು ಜಾಕೆಟ್ 3,200. ಇಸಿಜಿ, ರಕ್ತಪರೀಕ್ಷೆ, ವೈದ್ಯರ ಪ್ರಮಾಣಪತ್ರ ಸೇರಿ 450. ಉಣ್ಣೆ ಟೋಪಿ, ಕೈಗವಸು, ಕಾಲುಚೀಲ, ಟಾರ್ಚು 1,150. ಕೈಖರ್ಚು 1,400. ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ: ಸಂಬಳವಿಲ್ಲದ 36 ದಿನ, 7,200. ಒಟ್ಟು 21,100 ರೂಪಾಯಿ.

ಶುಲ್ಕಕ್ಕೆ ಸಹಾಯಧನ ಸಿಗುತ್ತದೆ ಎಂಬ ಧೈರ್ಯದ ಮೇಲೆ ನಾನು ಹೊರಟದ್ದು. ಸಿಕ್ಕಿತು ಕೂಡ. ಆದರೆ ಶುಲ್ಕ ಎನ್ನುವುದು ಒಟ್ಟು ಖರ್ಚಿನ ಕಾಲು ಭಾಗವೂ ಅಲ್ಲ ಎಂಬುದು ಈ ಲೆಕ್ಕ ಕೂಡಿಸಿದ ರಾತ್ರಿಯೇ ಗೊತ್ತಾದದ್ದು. ಕಾಡು, ಬೆಟ್ಟ, ಹಿಮದ ತರಬೇತಿಗೆ ಹೋಗಬೇಕೆಂದು ಮಕ್ಕಳು ಕೇಳಿದಾಗ ಈಗಲೂ ನಾನು ಮೊದಲು ತೋರಿಸುವುದು ಈ ಪುಟವನ್ನೇ.

ಆಗ ನನಗೆ ಇಪ್ಪತ್ಮೂರು ವರ್ಷ. ಸಾಗರದ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದೆ, ತಿಂಗಳಿಗೆ ಆರು ಸಾವಿರ. ಕಾಲೇಜಿನಲ್ಲಿದ್ದಾಗ ಹೊನ್ನೆಮರಡಿನ ಶಿಬಿರಕ್ಕೆ ಹೋಗಿದ್ದೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಹುಟ್ಟು ಹಾಕಿದ್ದು, ನಡುಗಡ್ಡೆಯಲ್ಲಿ ಟೆಂಟಿನೊಳಗೆ ಮಲಗಿದ್ದು ಜೀವನದಲ್ಲಿ ಅದೇ ಮೊದಲು. ಅಲ್ಲಿಂದ ತಲೆಗೆ ಹತ್ತಿದ್ದು ಇಳಿಯಲೇ ಇಲ್ಲ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಗೆ ಅರ್ಜಿ ಹಾಕಿ, ಸೀಟಿಗಾಗಿ ವರ್ಷ ಕಾದು, ಮೇ ತಿಂಗಳ ಬೇಸಿಕ್ ಕೋರ್ಸಿಗೆ ಹೆಸರು ಬಂದಾಗ ಕೈಯಲ್ಲಿದ್ದದ್ದು ಎರಡು ಸಾವಿರ.

ಅಮ್ಮ ಬೀರು ತೆಗೆದು ಎರಡು ಬಳೆ ತಂದಿಟ್ಟಳು. ‘ತಗೊಂಡ್ ಹೋಗೆ. ಒಳಗೆ ಇಟ್ಟುಕೊಂಡರೆ ಇವೇನು ಮರಿ ಹಾಕ್ತವಾ?’ ಎಂದಳು. ನಮ್ಮ ಸೊಸೈಟಿಯಲ್ಲೇ ಅಡವಿಟ್ಟೆ, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯಂತೆ 12,000. ಅಪ್ಪನದು ಹೊಲಿಗೆ ಅಂಗಡಿ. ಮಾತು ಕಡಿಮೆ. ಹೊರಡುವ ಹಿಂದಿನ ರಾತ್ರಿ ನನ್ನ ಚೂಡಿದಾರದ ಒಳಗೆ ಒಂದು ಜೇಬು ಹೊಲಿದು, ನೋಟು ಮಡಚಿ ಇಟ್ಟು, ಬಾಯಿಗೆ ಎರಡು ಟಾಕು ಹಾಕಿ, ‘ಹರಿದ್ವಾರ ದಾಟುವತನಕ ಬಿಚ್ಚಬೇಡ’ ಎಂದರು. ಆ ಟಾಕಿನ ಗುರುತು ಬಟ್ಟೆಯ ಮೇಲೆ ಈಗಲೂ ಇದೆ.

ಉತ್ತರಕಾಶಿ ತಲುಪಿದ ಮರುದಿನ ಸ್ಟೋರಿನ ಮುಂದೆ ಸಾಲಿನಲ್ಲಿ ನಿಂತೆವು. ಹಿಮದ ಬೂಟು, ಕ್ರ್ಯಾಂಪಾನ್, ಐಸ್ ಆ್ಯಕ್ಸ್, ರಕ್‌ಸ್ಯಾಕ್, ಸ್ಲೀಪಿಂಗ್ ಬ್ಯಾಗ್, ಗಾಳಿ ತಡೆಯುವ ಜಾಕೆಟ್ ಎಲ್ಲವನ್ನೂ ಪಟ್ಟಿಯಲ್ಲಿ ಸಹಿ ಹಾಕಿಸಿಕೊಂಡು ಕೊಟ್ಟರು. ನಾನು 3,200 ಕೊಟ್ಟು ತಂದಿದ್ದ ಶೂ ಮತ್ತು ಜಾಕೆಟ್ ಹಾಸಿಗೆಯ ಕೆಳಗೆ ಉಳಿದವು. ಸಂಸ್ಥೆ ಕಳಿಸಿದ್ದ ಪತ್ರದಲ್ಲಿ ಏನು ಅಲ್ಲಿ ಸಿಗುತ್ತದೆ, ಏನು ನಾವು ತರಬೇಕು ಎಂದು ಬಿಡಿಬಿಡಿಯಾಗಿ ಬರೆದಿತ್ತು. ನಾನು ಸರಿಯಾಗಿ ಓದಿರಲಿಲ್ಲ. ಅರ್ಧ ತಿಂಗಳ ಸಂಬಳ ಹಾಗೆ ಹೋಯಿತು. ಈಗ ಯಾರೇ ಹೊರಟರೂ ಆ ಪಟ್ಟಿಯನ್ನು ನನ್ನೆದುರು ಗಟ್ಟಿಯಾಗಿ ಓದಿಸುತ್ತೇನೆ, ಅಂಗಡಿಗೆ ಹೋಗುವುದು ಆಮೇಲೆ.

ನಮ್ಮ ರೋಪಿನಲ್ಲಿ, ಅಂದರೆ ಒಂದೇ ಹಗ್ಗಕ್ಕೆ ಸೇರಿದ ಗುಂಪಿನಲ್ಲಿ, ಅಲ್ಲಿಯದೇ ಹಳ್ಳಿಯ ಒಬ್ಬ ಹುಡುಗಿ ಇದ್ದಳು. ಅವಳ ಶುಲ್ಕವನ್ನು ಯಾರೋ ಭರಿಸಿದ್ದರು. ತೆಖ್ಲಾದ ಬಂಡೆಗಳ ಮೇಲೆ ಅಭ್ಯಾಸ ಮಾಡುವಾಗ ಅವಳ ಕಾಲಲ್ಲಿ ಇದ್ದದ್ದು ತೊಳೆದು ತೊಳೆದು ಬಿಳಿಚಿದ ಕ್ಯಾನ್ವಾಸ್ ಶೂ. ನನ್ನ ಶೂ ಅವಳಿಗೆ ಎರಡು ಅಳತೆ ದೊಡ್ಡದು, ಹಾಕಿ ನೋಡಿ ನಕ್ಕು ವಾಪಸ್ ಕೊಟ್ಟಳು. ಭುಕ್ಕಿಯಿಂದ ತೇಲ್, ತೇಲ್‌ನಿಂದ ಗುಜ್ಜರ್ ಹಟ್, ಅಲ್ಲಿಂದ ಡೋಕ್ರಿಯಾನಿ ಹಿಮನದಿಯ ಬುಡದ ಕ್ಯಾಂಪಿನವರೆಗೆ ಹೊರೆ ಹೊತ್ತು ಹತ್ತುವಾಗ ನಮ್ಮಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಿದ್ದವಳು ಅವಳೇ. ಒಂದು ಸಂಜೆ ಕೇಳಿದೆ, ಇಪ್ಪತ್ತೆಂಟು ದಿನ ಮನೆಯ ಕೆಲಸ ಯಾರು ಮಾಡುತ್ತಾರೆ ಎಂದು. ತಂಗಿ ಶಾಲೆ ಬಿಟ್ಟು ಹುಲ್ಲು ತರುತ್ತಿದ್ದಾಳೆ ಎಂದಳು. ಶುಲ್ಕ ಕಟ್ಟಿದವರು ಒಳ್ಳೆಯವರೇ. ಆದರೆ ಆ ತಂಗಿಯ ತಿಂಗಳು ಯಾರ ಲೆಕ್ಕದಲ್ಲೂ ಬರಲಿಲ್ಲ. ಇದು ನನ್ನ ಮನಸ್ಸಿನಿಂದ ಈವರೆಗೂ ಹೋಗಿಲ್ಲ.

ಊರಿಗೆ ಬಂದ ಮೇಲೆ ಶುಲ್ಕದ ಮರುಪಾವತಿಗೆ ಓಡಾಡಿದೆ. ಯಾವ ಕಚೇರಿ ಎಂಬುದು ಇಲ್ಲಿ ಬೇಡ. ಮೊದಲ ಸಲ ಹೋದಾಗ ರಸೀದಿಯಲ್ಲಿ ನನ್ನ ಹೆಸರಿನ ಮುಂದಿನ ಅಕ್ಷರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆ ಇಲ್ಲ ಎಂದರು. ಎರಡನೆಯ ಸಲ ಪ್ರಮಾಣಪತ್ರದ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಇಲ್ಲ ಎಂದರು. ಮೂರನೆಯ ಸಲ ಆ ವರ್ಷದ ಅನುದಾನ ಮುಗಿದಿತ್ತು. ಮೇಜಿನ ಆಚೆ ಕೂತಿದ್ದವರು ಒಮ್ಮೆ ಕನ್ನಡಕ ತೆಗೆದು ಕೇಳಿದರು: ‘ಅಲ್ಲಮ್ಮ, ಬೆಟ್ಟ ಹತ್ತೋದಕ್ಕೆ ಯಾಕೆ ದುಡ್ಡು ಕೊಡಬೇಕು?’ ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಿಜಕ್ಕೂ ತಿಳಿಯದೆ ಕೇಳಿದ್ದು. ನನಗೆ ಅಂದು ಉತ್ತರ ಹೊಳೆಯಲಿಲ್ಲ, ಸುಮ್ಮನೆ ಎದ್ದು ಬಂದೆ.

ಬಳೆ ಅಡವಿಟ್ಟ ದಿನದಿಂದ ಹನ್ನೊಂದು ತಿಂಗಳಿಗೆ 5,000 ರೂಪಾಯಿಯ ಚೆಕ್ಕು ಬಂತು. ಅಷ್ಟರಲ್ಲಿ ಸಾಲಕ್ಕೆ ಕಟ್ಟಿದ ಬಡ್ಡಿ 1,320. ಬಂದ ಸಹಾಯಧನದ ಕಾಲು ಭಾಗಕ್ಕಿಂತ ಹೆಚ್ಚು ಮೊತ್ತ ಬಡ್ಡಿಗೇ ಸರಿಹೋಯಿತು. ಅಡವಿಡಲು ನಮ್ಮ ಮನೆಯಲ್ಲಿ ಎರಡು ಬಳೆಯಾದರೂ ಇತ್ತು. ಅದೂ ಇಲ್ಲದ ಮನೆಯ ಹುಡುಗಿ ಹೊರಡುವುದೇ ಇಲ್ಲ. ಹೋಗಿ ಬಂದವರಿಗೆ ಮಾತ್ರ ಸಿಗುವ ಸಹಾಯ, ಹೋಗಲು ದುಡ್ಡಿದ್ದವರಿಗೇ ಸಿಗುತ್ತದೆ. ಬಡವರಿಗೆಂದು ಇಟ್ಟ ಯೋಜನೆ ಬಡವರ ಮನೆಯ ಬಾಗಿಲಿನವರೆಗೆ ಬರದಿರುವುದು ಹೀಗೆ.

ಬೆಟ್ಟ ಹತ್ತೋದಕ್ಕೆ ಯಾಕೆ ದುಡ್ಡು ಎಂಬ ಆ ಪ್ರಶ್ನೆಯ ಉತ್ತರ ನನಗೆ ನಿಧಾನವಾಗಿ ಸಿಕ್ಕಿತು. ಬಚೇಂದ್ರಿ ಪಾಲ್ ಉತ್ತರಕಾಶಿಯ ಹತ್ತಿರದ ನಾಕುರಿ ಗ್ರಾಮದವರು. ಬಟ್ಟೆ ಹೊಲಿದು ಓದಿನ ಖರ್ಚು ತೂಗಿಸಿದವರು. ಎಂ.ಎ., ಬಿ.ಇಡಿ. ಮಾಡಿದರೂ ತಕ್ಕ ಕೆಲಸ ಸಿಗದೆ ನಾನು ಕಲಿತ ಅದೇ ಸಂಸ್ಥೆಗೆ ಸೇರಿದರು. ಅಲ್ಲಿ ಕಲಿತದ್ದೇ ಅವರಿಗೆ ಬೋಧಕಿಯ ಕೆಲಸ ಕೊಟ್ಟಿತು. 1984ರ ಮೇ 23ರಂದು ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆಯಾದರು. ಆಮೇಲೆ ಟಾಟಾ ಸ್ಟೀಲ್ ಸಾಹಸ ಪ್ರತಿಷ್ಠಾನವನ್ನು ಮುನ್ನಡೆಸಿ ಸಾವಿರಾರು ಜನರಿಗೆ ತರಬೇತಿ ಕೊಟ್ಟರು. ಕಾಲು ಕಳೆದುಕೊಂಡ ಅರುಣಿಮಾ ಸಿನ್ಹಾ 2013ರಲ್ಲಿ ಎವರೆಸ್ಟ್ ಹತ್ತಿದ್ದು ಅವರ ಕೈಯಲ್ಲಿ ಪಳಗಿ. ಒಬ್ಬರಿಗೆ ಕೊಟ್ಟ ತರಬೇತಿ ಎಷ್ಟು ಮನೆಗೆ ಹೋಗಿ ಮುಟ್ಟಿತು ನೋಡಿ.

ಪೂರ್ಣಾ ಮಾಲಾವತ್ ಕಥೆ ಇನ್ನೂ ಹತ್ತಿರದ್ದು. ನಿಜಾಮಾಬಾದ್ ಜಿಲ್ಲೆಯ ಪಾಕಾಲ ಎಂಬ ಹಳ್ಳಿ, ಅಪ್ಪ ಅಮ್ಮ ಕೃಷಿಕೂಲಿ. ಸಮಾಜ ಕಲ್ಯಾಣ ವಸತಿ ಶಾಲೆಯಲ್ಲಿ ಓದುತ್ತಿದ್ದ ಹುಡುಗಿಯನ್ನು ಶಾಲೆಗಳ ಸಂಸ್ಥೆಯೇ ಆರಿಸಿ, ಭುವನಗಿರಿಯ ಬಂಡೆಯ ಮೇಲೆ ಹತ್ತಿಸಿ, ಡಾರ್ಜಿಲಿಂಗ್‌ಗೆ ಕಳಿಸಿ ಕಲಿಸಿತು. 2014ರ ಮೇ 25ರಂದು ಅವಳು ಎವರೆಸ್ಟ್ ತುದಿಯಲ್ಲಿ ನಿಂತಾಗ ವಯಸ್ಸು 13. ಅವಳ ಮನೆಯವರು ಬಳೆ ಅಡವಿಡಬೇಕಾಗಿರಲಿಲ್ಲ, ರಸೀದಿ ಹಿಡಿದು ಅಲೆಯಬೇಕಾಗಿರಲಿಲ್ಲ. ನಾಲ್ಕು ವರ್ಷದ ನಂತರ ಮಹಾರಾಷ್ಟ್ರದ ಬುಡಕಟ್ಟು ಅಭಿವೃದ್ಧಿ ಇಲಾಖೆ ಚಂದ್ರಪುರದ ಆಶ್ರಮ ಶಾಲೆಗಳ ಮಕ್ಕಳನ್ನು ಹಾಗೆಯೇ ಕಳಿಸಿತು. ಸರ್ಕಾರ ಮನಸ್ಸು ಮಾಡಿದರೆ ಮುಂಗಡವಾಗಿ ಖರ್ಚು ಮಾಡುವುದು ಆಗದ ಮಾತಲ್ಲ.

ಇನ್ನು ದುಡ್ಡು ಎಲ್ಲೆಲ್ಲಿದೆ ಎಂಬ ಮಾತು. ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ 1954ರಲ್ಲಿ ಆರಂಭವಾಯಿತು, ಉತ್ತರಕಾಶಿಯದು 1965ರಲ್ಲಿ. ಎರಡನ್ನೂ ರಕ್ಷಣಾ ಸಚಿವಾಲಯ ಮತ್ತು ಆಯಾ ರಾಜ್ಯ ಸರ್ಕಾರಗಳು ಸೇರಿ ನಡೆಸುತ್ತವೆ. ಹಾಗಾಗಿ ನಾವು ಕಟ್ಟುವ ಶುಲ್ಕವೇ ರಿಯಾಯಿತಿಯದು. ಒಂದು ತಿಂಗಳ ಊಟ, ವಸತಿ, ಸಲಕರಣೆ, ಉಸ್ತಾದರ ಪಾಠ ಎಲ್ಲ ಅದರೊಳಗೆ ಬರುತ್ತದೆ. ಶುಲ್ಕ ಕಾಲಕಾಲಕ್ಕೆ ಏರುತ್ತದೆ, ನನ್ನ ಕಾಲದ ಐದು ಸಾವಿರವನ್ನು ಈಗ ನಂಬಿ ಕೂರಬೇಡಿ. ಸಂಸ್ಥೆಯ ಜಾಲತಾಣದಲ್ಲಿ ಈ ವರ್ಷದ ಅಂಕಿ ನೋಡಿಯೇ ಲೆಕ್ಕ ಹಾಕಿ. ಬೇಸಿಕ್‌ನಲ್ಲಿ ‘ಎ’ ಶ್ರೇಣಿ ಬಂದರೆ ಮಾತ್ರ ಅಡ್ವಾನ್ಸ್ ಕೋರ್ಸಿನ ಬಾಗಿಲು ತೆರೆಯುತ್ತದೆ. ಅದಾದ ಮೇಲೆ ಬೋಧಕರ ತರಬೇತಿ, ಶೋಧ ಮತ್ತು ರಕ್ಷಣೆಯ ತರಬೇತಿ. ಅಲ್ಲಿಂದ ಇದು ಹವ್ಯಾಸವಲ್ಲ, ಹೊಟ್ಟೆಪಾಡಾಗಬಲ್ಲ ವಿದ್ಯೆ.

ಕಾಲೇಜಿನ ಮಕ್ಕಳಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ಎನ್‌ಸಿಸಿ. ಆಯ್ಕೆಯಾದ ಕೆಡೆಟ್‌ಗಳನ್ನು ಇದೇ ಸಂಸ್ಥೆಗಳಿಗೆ ಸರ್ಕಾರದ ಖರ್ಚಿನಲ್ಲೇ ಕಳಿಸುತ್ತಾರೆ. ನಾನು ಕಾಲೇಜಿನಲ್ಲಿ ಎನ್‌ಸಿಸಿ ಸೇರಲಿಲ್ಲ ಎಂಬ ಬೇಸರ ನನಗೆ ಇವತ್ತಿಗೂ ಇದೆ. ನಮ್ಮ ರಾಜ್ಯದಲ್ಲಿ ಕೊಡಗಿನ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿ ಯುವ ಸಬಲೀಕರಣ ಇಲಾಖೆಯ ಅಡಿಯಲ್ಲಿದೆ. ಬಂಡೆ ಹತ್ತುವ, ಜಲಸಾಹಸದ, ಚಾರಣದ ಶಿಬಿರಗಳನ್ನು ಕಡಿಮೆ ಖರ್ಚಿನಲ್ಲಿ ನಡೆಸುತ್ತದೆ. ಅದರ ಮೂಲಕವೇ ಹಿಮಾಲಯಕ್ಕೆ ಹೋಗಿ ಬಂದ ಇಬ್ಬರು ನಮ್ಮ ತಾಲ್ಲೂಕಿನಲ್ಲಿದ್ದಾರೆ. ಪ್ರಕಟಣೆ ಬಂದಾಗ ಅರ್ಜಿಗೆ ಸಮಯ ಕಡಿಮೆ ಇರುತ್ತದೆ. ಜಿಲ್ಲಾ ಯುವಜನ ಕಚೇರಿಗೆ ತಿಂಗಳಿಗೊಮ್ಮೆ ಹೋಗಿ ವಿಚಾರಿಸುವುದೇ ಸರಿ. ಕೇಂದ್ರ ಸರ್ಕಾರಿ ನೌಕರರಾಗಿದ್ದರೆ, ಭಾರತೀಯ ಪರ್ವತಾರೋಹಣ ಪ್ರತಿಷ್ಠಾನ ಒಪ್ಪಿದ ಪರ್ವತಯಾತ್ರೆಗೆ ವರ್ಷಕ್ಕೆ 30 ದಿನದವರೆಗೆ ವಿಶೇಷ ಸಾಂದರ್ಭಿಕ ರಜೆ ಇದೆ. ನನ್ನ ನೋಟ್‌ಬುಕ್ಕಿನ ಕೆಂಪು ಗೆರೆಯ ಸಾಲು ನೆನಪಿದೆಯಲ್ಲ? ಸಂಬಳ ಕಡಿತವಾಗದ ರಜೆಯೇ ಒಂದು ದೊಡ್ಡ ಸಹಾಯಧನ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವನ್ನೂ ಕೇಳಬಹುದು. 2013ರ ಕಂಪನಿ ಕಾಯ್ದೆಯ ಪ್ರಕಾರ ವರ್ಷಕ್ಕೆ ಐದು ಕೋಟಿಗೂ ಹೆಚ್ಚು ನಿವ್ವಳ ಲಾಭವಿರುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿ ಅದರ ಪಟ್ಟಿಯಲ್ಲಿದೆ. ಗೋಡೆ ಹತ್ತುವ ಸ್ಪೋರ್ಟ್ ಕ್ಲೈಂಬಿಂಗ್ ಟೋಕಿಯೊದಿಂದ ಒಲಿಂಪಿಕ್ಸ್‌ನಲ್ಲಿದೆ. ಬಾದಾಮಿಯ ಕೆಂಪು ಕಲ್ಲಿನ ಬಂಡೆಗಳಿಗೆ ದೇಶದ ಮೂಲೆಮೂಲೆಯಿಂದ ಹತ್ತುವವರು ಬರುತ್ತಾರೆ. ಆ ಊರಿನ ಮಕ್ಕಳಿಗೇ ಹಗ್ಗ, ಶೂ ಕೊಡಿಸಿ ಎಂದು ಯಾವ ಕಂಪನಿಯ ಮುಂದೆಯೂ ತಲೆಯೆತ್ತಿ ಕೇಳಬಹುದು.

2016ರಲ್ಲಿ ಸಾಗರದ ನಾವು ಎಂಟು ಜನ ಸೇರಿ ಒಂದು ಸಣ್ಣ ನಿಧಿ ಮಾಡಿದೆವು. ತಿಂಗಳಿಗೆ ತಲೆಗೆ 500, ವರ್ಷಕ್ಕೆ 48,000. ಶುಲ್ಕಕ್ಕೆ ನಾವು ಕೊಡುವುದಿಲ್ಲ, ಅದಕ್ಕೆ ಬೇರೆ ದಾರಿ ಹುಡುಕಲು ಜೊತೆಗೆ ಕೂತು ಅರ್ಜಿ ಬರೆಯುತ್ತೇವೆ. ನಾವು ಕೊಡುವುದು ಪ್ರಯಾಣಕ್ಕೆ, ವೈದ್ಯರ ಪರೀಕ್ಷೆಗೆ, ಉಣ್ಣೆ ಬಟ್ಟೆಗೆ ಮತ್ತು ತಪ್ಪಿಹೋಗುವ ಕೂಲಿಗೆ. ಹೊರಡುವ ಹದಿನೈದು ದಿನ ಮೊದಲೇ ಖಾತೆಗೆ ಹಾಕುತ್ತೇವೆ. ಕೂಲಿಯ ದುಡ್ಡು ಹೋಗುವವರ ಖಾತೆಗಲ್ಲ, ಮನೆಯಲ್ಲಿರುವ ತಾಯಿಯ ಖಾತೆಗೆ. ರಸೀದಿಯನ್ನು ಅವರು ವಾಪಸ್ ಬಂದ ಮೇಲೆ ಕೊಟ್ಟರಾಯಿತು. ಈವರೆಗೆ ಹದಿಮೂರು ಜನ ಹೋಗಿ ಬಂದಿದ್ದಾರೆ. ಅವರಲ್ಲಿ ಒಬ್ಬಳಿಗೆ ಎತ್ತರದ ಕಾಯಿಲೆಯಾಗಿ ಅರ್ಧಕ್ಕೆ ಇಳಿಸಿದರು. ದುಡ್ಡು ವಾಪಸ್ ಕೊಡುತ್ತೇನೆ ಅಕ್ಕ ಎಂದು ಅತ್ತಳು. ಬೇಡ ಎಂದೆವು. ಇಳಿ ಎಂದಾಗ ಇಳಿಯುವುದೂ ಅಲ್ಲಿ ಕಲಿಸುವ ಪಾಠವೇ. ನನ್ನ ಆ ಶೂವಿನ ಅಂಟು ಉಪಯೋಗಿಸದೆ ಒಣಗಿ ಅಟ್ಟೆ ಕಿತ್ತುಹೋಯಿತು. ಜಾಕೆಟ್ ಮಾತ್ರ ಐದು ಸಲ ಹಿಮ ಕಂಡು ಬಂದಿದೆ.

ಆ ಹದಿಮೂರರಲ್ಲಿ ಒಬ್ಬ ಕೊನೆಗೌಡ. ಮರದಿಂದ ಮರಕ್ಕೆ ದಾಟಿ ಅಡಿಕೆ ಕೊನೆ ಇಳಿಸುವವನು. ಹಗ್ಗ, ಎತ್ತರ, ತೂಕ ಇವು ಅವನಿಗೆ ಹುಟ್ಟಿನಿಂದ ಗೊತ್ತು. ಆದರೆ ಕೊಯ್ಲಿನ ಕಾಲದಲ್ಲಿ ಅವನ ದಿನಗೂಲಿ ಊರಿನಲ್ಲೇ ಎಲ್ಲರಿಗಿಂತ ಹೆಚ್ಚು. ಆಗ ಒಂದು ತಿಂಗಳು ಬಿಟ್ಟರೆ ಮನೆಗೆ ವರ್ಷದ ಪೆಟ್ಟು. ಅದಕ್ಕೇ ಕೊಯ್ಲು ಮುಗಿದ ಮೇಲಿನ ಮೇ ಬ್ಯಾಚಿಗೆ ಹೆಸರು ಹಚ್ಚಿದೆವು. ತಪ್ಪುವ ಕೂಲಿ ಮೂರನೇ ಒಂದು ಭಾಗಕ್ಕೆ ಇಳಿಯಿತು. ಕೋರ್ಸಿನ ದಿನಾಂಕ ಆರಿಸುವುದೂ ಹಣಕಾಸಿನ ವಿಷಯವೇ ಎಂದು ನಮಗೆ ಕಲಿಸಿದ್ದು ಅವನು. ‘ಎ’ ಶ್ರೇಣಿ ತಂದ. ಈಗ ವರ್ಷಕ್ಕೆ ಮೂರ್ನಾಲ್ಕು ತಿಂಗಳು ಚಾರಣದ ಗುಂಪುಗಳ ಜೊತೆ ಹಿಮಾಲಯದಲ್ಲಿರುತ್ತಾನೆ, ಕೊಯ್ಲಿಗೆ ತಪ್ಪದೆ ಬರುತ್ತಾನೆ.

ಅವನಿಂದಾಗಿಯೇ ವಿಮೆಯ ಕಾಗದವನ್ನು ನಾನು ಸರಿಯಾಗಿ ಓದಿದೆ. ಆರೋಗ್ಯ ವಿಮೆಗಳಲ್ಲಿ ವಿಮಾ ಪ್ರಾಧಿಕಾರ ಗೊತ್ತುಮಾಡಿದ ಒಂದು ಹೊರತು ಇದೆ: ವೃತ್ತಿಪರರಾಗಿ ಸಾಹಸ ಕ್ರೀಡೆಯಲ್ಲಿ ಪಾಲ್ಗೊಂಡು ಗಾಯವಾದರೆ ಚಿಕಿತ್ಸೆಯ ಖರ್ಚು ಸಿಗದು. ಬಂಡೆ ಹತ್ತುವುದು, ಪರ್ವತಾರೋಹಣ ಎರಡೂ ಆ ಪಟ್ಟಿಯಲ್ಲಿವೆ. ‘ವೃತ್ತಿಪರರಾಗಿ’ ಎಂಬ ಒಂದು ಪದದ ಮೇಲೆ ಎಲ್ಲ ನಿಂತಿದೆ. ಕಲಿಯಲು ಹೋದ ಹುಡುಗಿಗೆ ಈ ಹೊರತು ಅಡ್ಡ ಬರಬಾರದು. ಸಂಬಳಕ್ಕೆ ದಾರಿ ತೋರಿಸುವ ನಮ್ಮ ಕೊನೆಗೌಡನಿಗೆ ಬರುತ್ತದೆ. ಅವನಿಗೆ ಆ ಕೆಲಸವನ್ನೇ ಹೆಸರಿಸಿದ ಪ್ರತ್ಯೇಕ ವಿಮೆ ಬೇಕು. ಅಪಘಾತ ವಿಮೆಗಳ ಷರತ್ತು ಒಂದೊಂದು ಕಂಪನಿಯದು ಒಂದೊಂದು. ಏಜೆಂಟರ ಬಾಯಿಮಾತು ಸಾಲದು, ಪಾಲಿಸಿಯ ಆ ಪುಟವನ್ನು ಬೆರಳಿಟ್ಟು ತೋರಿಸಲು ಹೇಳಿ.

ಈ ಮಾತನ್ನು ನಾನು ಹಗುರವಾಗಿ ಆಡುತ್ತಿಲ್ಲ. 2022ರ ಅಕ್ಟೋಬರ್ 4ರಂದು ನಾನು ಕಲಿತ ಸಂಸ್ಥೆಯ ಅಡ್ವಾನ್ಸ್ ಕೋರ್ಸಿನ ತಂಡದ ಮೇಲೆ ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಹಿಮ ಕುಸಿಯಿತು. 29 ಜನ ಹೋದರು. ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಮತ್ತು ಮಕಾಲು ಎರಡನ್ನೂ ಹತ್ತಿದ್ದ ಬೋಧಕಿ ಸವಿತಾ ಕನ್ಸ್‌ವಾಲ್ ಅವರಲ್ಲಿ ಒಬ್ಬರು. ನಮ್ಮ ರಾಜ್ಯದ ಮಕ್ಕಳೂ ಇದ್ದರು. 2024ರ ಜೂನ್‌ನಲ್ಲಿ ಸಹಸ್ರ ತಾಲ್ ಚಾರಣಕ್ಕೆ ಹೋದ 22 ಜನರ ತಂಡದಲ್ಲಿ ಕರ್ನಾಟಕದ ಒಂಬತ್ತು ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಅವರಲ್ಲಿ ಅನುಭವಿಗಳಿದ್ದರು. ತರಬೇತಿ ಇದ್ದರೆ ಸಾವು ಬರುವುದಿಲ್ಲ ಎಂದು ಯಾರೂ ಹೇಳಲಾರರು. ಆದರೆ ಬೆಟ್ಟಕ್ಕೆ ಹೋಗುವವರು ಪ್ರತಿ ವರ್ಷ ಹೆಚ್ಚುತ್ತಿದ್ದಾರೆ, ಹಗ್ಗ ಕಟ್ಟಲು, ಹವೆ ನೋಡಿ ಹಿಂದೆ ಸರಿಯಲು, ಬಿದ್ದವರನ್ನು ಇಳಿಸಲು ಬಲ್ಲವರು ಅಷ್ಟು ಹೆಚ್ಚುತ್ತಿಲ್ಲ. ಬೆಟ್ಟ ಹತ್ತಲು ಯಾಕೆ ದುಡ್ಡು ಕೊಡಬೇಕು ಎಂದು ಅಂದು ಕೇಳಿದವರಿಗೆ ನನ್ನ ಉತ್ತರ ಇದೇ. ಕಲಿತ ಒಬ್ಬರು ಗುಂಪಿನಲ್ಲಿದ್ದರೆ ಉಳಿದವರು ಮನೆಗೆ ಮರಳುವ ಸಂಭವ ಹೆಚ್ಚು. ಅದಕ್ಕೆ ಕೊಡಬೇಕು.

ಹೊರಡಬೇಕೆಂದಿರುವವರಿಗೆ ಎರಡು ಮಾತು. ಸೀಟಿಗೆ ಹೇಗೂ ತಿಂಗಳುಗಟ್ಟಲೆ ಕಾಯಬೇಕು, ಅರ್ಜಿ ಹಾಕಿದ ದಿನವೇ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಒಂದು ಆರ್‌ಡಿ ತೆರೆಯಿರಿ, ತಿಂಗಳಿಗೆ ಐನೂರಾದರೂ ಸರಿ. ಅರ್ಜಿ, ಆಧಾರ್, ಅಂಕಪಟ್ಟಿ, ಬ್ಯಾಂಕ್ ಖಾತೆ ನಾಲ್ಕರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ನನ್ನ ಹೆಸರಿನ ಒಂದು ಅಕ್ಷರಕ್ಕೆ ನಾಲ್ಕು ತಿಂಗಳು ಹೋಯಿತು.

ಕೊಡುವ ಸ್ಥಾನದಲ್ಲಿರುವವರಲ್ಲಿ ನನ್ನದೊಂದು ಬೇಡಿಕೆ. ನಿಮ್ಮೂರಿನ ಸಹಕಾರಿ ಸಂಘ ಧರ್ಮಾರ್ಥಕ್ಕೆಂದು ಲಾಭದಲ್ಲಿ ಒಂದು ಪಾಲು ತೆಗೆದಿಡುತ್ತಿರಬಹುದು. ನಿಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ದುಡ್ಡು ಇರಬಹುದು. ಮುಂದಿನ ಮಹಾಸಭೆಯಲ್ಲಿ ಎದ್ದು ನಿಂತು, ಊರಿನ ಒಬ್ಬ ಹುಡುಗಿ ಅಥವಾ ಹುಡುಗನ ಹೆಸರಿಗೆ ಇಪ್ಪತ್ತೈದು ಸಾವಿರ ಇಡಿ ಎಂದು ಕೇಳಿ. ಇಟ್ಟದ್ದನ್ನು ಅವರು ರೈಲು ಹತ್ತುವ ಮೊದಲೇ ಕೊಡಿ.